ಅಳುತ್ತಲೇ ಸರ್ವಿಸ್ ಮಾಡಿದವಳು

೧೯೫೭ರ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ತಂಡದ ಐದನೆಯ ಆಟಗಾರ್ತಿ ಬಾಣಂತನಕ್ಕೆಂದು ತವರಿಗೆ ಹೊರಟುಹೋದಳು. ಉಮಾಮಹೇಶ್ವರಿ ನಮಗೆ ಸಿಕ್ಕಿದ್ದು ಅದರಿಂದಲೇ.

ಭದ್ರಾವತಿಯ ನ್ಯೂಟೌನ್‌ನಲ್ಲಿ, ಕಾರ್ಖಾನೆಯವರ ಕ್ಲಬ್ಬಿನ ಹಿಂದೆ ಬಾಲ್ ಬ್ಯಾಡ್ಮಿಂಟನ್ ಆಡುವ ಒಂದು ಅಂಗಳವಿತ್ತು. ಹಳದಿ ಉಣ್ಣೆಯ ಚೆಂಡು, ಮರದ ರಾಕೆಟ್ಟು, ಬಲೆಯ ಆ ಕಡೆ ಐದು ಜನ, ಈ ಕಡೆ ಐದು ಜನ. ಗಂಡಸರ ಡ್ಯೂಟಿ ಮುಗಿಯುವ ಮೊದಲು, ನಾಲ್ಕರಿಂದ ಐದೂವರೆಯವರೆಗೆ, ಅಂಗಳ ನಮ್ಮದು. ನಾವೆಲ್ಲ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ಆಡುತ್ತಿದ್ದೆವು. ನನಗಾಗ ಹತ್ತೊಂಬತ್ತು, ನಮ್ಮಪ್ಪ ರೋಲಿಂಗ್ ಮಿಲ್ಲಿನಲ್ಲಿ ಫೋರ್‌ಮನ್. ನಮ್ಮ ಕ್ಯಾಪ್ಟನ್ ಶಂಕರಮ್ಮ. ಆಕೆಯ ಗಂಡ ಮುರುಗೇಶಪ್ಪನವರು ಕಾರ್ಖಾನೆಯ ಆಫೀಸಿನಲ್ಲಿದ್ದರು. ಉಮಾ ಈ ಶಂಕರಮ್ಮನ ತಂಗಿ.

ಉಮಾ ಆಗ ಅಕ್ಕನ ಮನೆಗೆ ಬಂದು ನಾಲ್ಕು ತಿಂಗಳಾಗಿತ್ತು. ಬಂದ ಕಾರಣ ಕ್ವಾರ್ಟರ್ಸಿನ ಎಲ್ಲರಿಗೂ ಗೊತ್ತಿತ್ತು, ಯಾರೂ ಅವಳೆದುರು ಆ ಮಾತೆತ್ತುತ್ತಿರಲಿಲ್ಲ, ಅಷ್ಟೆ. ಅವಳ ಅಪ್ಪ ಗಂಗಾಧರಪ್ಪನವರಿಗೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಜವಳಿ ಅಂಗಡಿ. ಎಸ್ಸೆಸ್ಸೆಲ್ಸಿ ಪಾಸಾದ ಮಗಳನ್ನು ಅವರು ಹೆಮ್ಮೆಯಿಂದ ಉಪಾಧ್ಯಾಯರ ಟ್ರೈನಿಂಗಿಗೆ ಸೇರಿಸಿದ್ದರು. ಮೊದಲ ಪಾಠದ ದಿನ ನಲವತ್ತು ಮಕ್ಕಳು, ಹಿಂದಿನ ಬೆಂಚಿನಲ್ಲಿ ಇಬ್ಬರು ಮೇಷ್ಟ್ರು. ಉಮಾ ಗೋಡೆಯ ನಕ್ಷೆಯ ಮೇಲೆ ಕೋಲಿಟ್ಟು, ತುಂಗೆಯೂ ಭದ್ರೆಯೂ ಸೇರುವ ಊರು ಯಾವುದೆಂದು ಹೇಳಲು ಬಾಯಿ ತೆರೆದಳು. ಹೆಸರು ಬರಲಿಲ್ಲ. ಶಿವಮೊಗ್ಗದಲ್ಲಿ ಹುಟ್ಟಿದವಳಿಗೆ ಕೂಡ್ಲಿ ಅನ್ನುವ ಎರಡಕ್ಷರ ಮರೆತುಹೋಯಿತು! ಮಕ್ಕಳು ಗೊಳ್ಳೆಂದು ನಕ್ಕರು. ಇವಳು ಕೋಲನ್ನು ಅಲ್ಲೇ ಎಸೆದು ಹೊರಗೆ ಓಡಿದವಳು ಮತ್ತೆ ಆ ಕಡೆ ಕಾಲಿಡಲಿಲ್ಲ. ಅಂಗಡಿಗೆ ಬಂದವರೆಲ್ಲ ವಿಚಾರಿಸತೊಡಗಿದ ಮೇಲೆ ಅಪ್ಪನೇ ಅವಳನ್ನು ಅಕ್ಕನ ಮನೆಗೆ ಕಳಿಸಿದ್ದರು.

ಎತ್ತರದ ಹುಡುಗಿ, ಕೈಕಾಲು ಚುರುಕು. ಆದರೆ ಯಾವ ಕೆಲಸ ಹೇಳಿದರೂ ಮೊದಲ ಮಾತು, "ಅಯ್ಯೋ, ನನ್ನ ಕೈಲಿ ಆಗಲ್ಲ." ದೋಸೆ ಹುಯ್ಯಲೂ ಆಗಲ್ಲ, ಅಂಚೆಯವನ ಹತ್ತಿರ ಸಹಿ ಹಾಕಲೂ ಆಗಲ್ಲ. ಶಂಕರಮ್ಮ ಅವಳನ್ನು ಅಂಗಳಕ್ಕೆ ಕರೆತಂದದ್ದು ಆಡಿಸಲಿಕ್ಕಲ್ಲ, ಮನೆಯಲ್ಲಿ ಒಬ್ಬಳೇ ಕೂತು ಅಳುತ್ತಾಳೆಂದು.

ನಮಗೆ ಆಟ ಕಲಿಸುತ್ತಿದ್ದವರು ವೆಂಕಟಾಚಲ. ಫೌಂಡ್ರಿಯಲ್ಲಿ ಅಚ್ಚು ಮಾಡುವ ಕೆಲಸ, ಮಧ್ಯಾಹ್ನಕ್ಕೇ ಮುಗಿಯುವ ಬೆಳಗಿನ ಪಾಳಿ, ಸೇಲಂ ಕಡೆಯವರು, ನಲವತ್ತೈದು ದಾಟಿತ್ತು. ಒಂದು ಕಾಲಕ್ಕೆ ದೊಡ್ಡ ಆಟಗಾರರಾಗಿದ್ದರಂತೆ. ಕಾದ ಕಬ್ಬಿಣ ಸಿಡಿದು ಬಲಗೈಯ ಮೂರು ಬೆರಳು ಮುದುರಿಹೋದ ಮೇಲೆ ಎಡಗೈಯಲ್ಲಿ ಮೊದಲಿನಿಂದ ಕಲಿತರು. ಆ ಕತೆಯನ್ನು ಅವರು ಯಾರಿಗೂ ತಾವಾಗಿ ಹೇಳಿದ್ದಿಲ್ಲ. ನಮಗೆ ಹೇಳಿದ್ದು ಮುರುಗೇಶಪ್ಪನವರು.

ಅವತ್ತು ಅವರು ಉಮಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಏನಮ್ಮಾ, ಐದನೇ ಜಾಗ ಖಾಲಿ ಇದೆ. ನಿಂತ್ಕೋತೀಯಾ?" ಅಂದರು.

"ಅಯ್ಯೋ, ನನ್ನ ಕೈಲಿ ಆಗಲ್ಲ ಸಾರ್."

"ನಿಂತ್ಕೊಳ್ಳೋಕೂ ಆಗಲ್ವಾ? ಇಷ್ಟೊತ್ತು ನಿಂತೇ ಇದ್ದೀಯಲ್ಲಮ್ಮಾ!"

ನಾವು ನಕ್ಕೆವು. ಅವಳಿಗೂ ಅರ್ಧ ನಗು ಬಂತು. ಮೊದಲ ವಾರ ಅವರು ಅವಳ ಕೈಗೆ ರಾಕೆಟ್ ಕೊಡಲಿಲ್ಲ. ಗೆರೆಯ ಪಕ್ಕ ನಿಲ್ಲಿಸಿ ಅಂಕ ಕೂಗಿಸಿದರು. ಅವಳ ದನಿ ಬಲೆಯವರೆಗೂ ಬರುತ್ತಿರಲಿಲ್ಲ. ಕೇಳಿಸದಿದ್ದರೆ ವೆಂಕಟಾಚಲ ಆಟವನ್ನೇ ನಿಲ್ಲಿಸಿ, ಸೊಂಟದ ಮೇಲೆ ಕೈಯಿಟ್ಟು ಆಕಾಶ ನೋಡುತ್ತ ನಿಲ್ಲುತ್ತಿದ್ದರು. ಬೈಯುತ್ತಿರಲಿಲ್ಲ. ನಾಲ್ಕನೆಯ ದಿನ ನಾನೇ ತಾಳಲಾರದೆ, "ಕೂಗೇ ಮಾರಾಯ್ತಿ, ಕತ್ತಲಾಗುತ್ತೆ!" ಎಂದು ಕಿರುಚಿದೆ. ಅವಳಿಗೆ ರೋಷ ಬಂದು, "ಹನ್ನೊಂದು-ಎಂಟು!" ಎಂದು ಅರಚಿದಳು. ಕ್ಲಬ್ಬಿನ ಜಗಲಿಯಲ್ಲಿ ಪೇಪರ್ ಓದುತ್ತಿದ್ದವರು ತಲೆ ಎತ್ತಿ ನೋಡಿದರು. ವೆಂಕಟಾಚಲ, "ಹಾಂ, ಈಗ ಆಟ," ಎಂದು ಮುಂದುವರಿಸಿದರು.

ರಾಕೆಟ್ ಕೈಗೆ ಬಂದ ಮೇಲೆ ಬೇರೆ ಕಷ್ಟ ಶುರುವಾಯಿತು. ಒಂದು ಚೆಂಡು ತಪ್ಪಿದರೆ "ಸಾರಿ", ಇನ್ನೊಂದು ತಪ್ಪಿದರೆ "ಸಾರಿ ಕಣ್ರೀ", ಮೂರನೆಯದಕ್ಕೆ ಕಣ್ಣಲ್ಲಿ ನೀರು. ಆಮೇಲೆ ಅವಳು ಅಂಗಳ ಬಿಟ್ಟು ಗೋಡೆಯ ಕಡೆ ಮುಖ ಮಾಡುವಳು, ನಾವೆಲ್ಲ ಹೋಗಿ ಸಮಾಧಾನ ಮಾಡಬೇಕು. ಒಂದು ದಿನ ವೆಂಕಟಾಚಲ ನಮ್ಮನ್ನು ತಡೆದರು.

"ಯಾರೂ ಹೋಗ್ಬೇಡಿ. ಉಮಾ, ನಿನಗೆ ಅಳು ಬರ್ತಿದೆಯಾ?"

"ಹ್ಞೂಂ ಸಾರ್."

"ಅಳು. ನಾನು ಬೇಡ ಅನ್ನಲ್ಲ. ನಿಲ್ಲಿಸು ಅಂದ್ರೆ ಅಳು ನಿಲ್ಲುತ್ತಾ? ಆದ್ರೆ ಈಗ ಸರ್ವಿಸ್ ನಿಂದು. ಅಳ್ತಾನೇ ಸರ್ವಿಸ್ ಮಾಡು."

ಅವಳು ನಿಜವಾಗಿಯೂ ಅಳುತ್ತಲೇ ಸರ್ವಿಸ್ ಮಾಡಿದಳು. ಮೂಗು ಸೊರಸೊರ, ಚೆಂಡು ಬಲೆಗೆ. ಮತ್ತೊಂದು, ಬಲೆಗೆ. ಮೂರನೆಯದು ದಾಟಿತು. ನಾವು ಅದನ್ನು ತಿರುಗಿಸಿ ಹೊಡೆದೆವು, ಅವಳು ಕಣ್ಣೊರೆಸಿಕೊಳ್ಳಲೂ ಪುರುಸೊತ್ತಿಲ್ಲದೆ ಓಡಿ ಹೊಡೆದಳು. ಆಟ ನಡೆಯುತ್ತ ಹೋಯಿತು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಅಳು ಎಲ್ಲಿಗೋ ಹೋಗಿತ್ತು, ಅದು ಹೋದದ್ದು ಅವಳಿಗೂ ತಿಳಿದಿರಲಿಲ್ಲ. ಅವತ್ತು ಮನೆಗೆ ನಡೆದು ಬರುವಾಗ ಅವಳು ನನ್ನ ಕೈ ಹಿಡಿದು, "ವಿಮಲಾ, ಅಳು ಬಂದಾಗ ಕೂಡ ಕೈ ಕೆಲಸ ಮಾಡುತ್ತೆ ಕಣೇ," ಎಂದಳು, ಯಾರೂ ಕಾಣದ ಒಂದು ಸಂಗತಿಯನ್ನು ತಾನೇ ಕಂಡುಹಿಡಿದವಳ ಹಾಗೆ.

ಡಿಸೆಂಬರ್ ಹೊತ್ತಿಗೆ ಅವಳು ಹಿಂದಿನ ಎಡಮೂಲೆ ಕಾಯುವಷ್ಟು ಆಟಗಾರ್ತಿಯಾದಳು. ಆದರೂ ವೆಂಕಟಾಚಲರಿಗೆ ತೃಪ್ತಿಯಿರಲಿಲ್ಲ. "ಕೈ ಬಂತು, ಧೈರ್ಯ ಬರಲಿಲ್ಲ," ಎನ್ನುತ್ತಿದ್ದರು. ಒಂದು ಭಾನುವಾರ ಫೌಂಡ್ರಿಗೂ ರೋಲಿಂಗ್ ಮಿಲ್ಲಿಗೂ ಗಂಡಸರ ಪಂದ್ಯ. ಇನ್ನೂರು ಜನ ಸೇರಿದ್ದಾರೆ. ಅಂಪೈರ್ ಕೂರುವ ಎತ್ತರದ ಸ್ಟೂಲಿನ ಮೇಲೆ ವೆಂಕಟಾಚಲ ಉಮಾಳನ್ನು ಹತ್ತಿಸಿಬಿಟ್ಟರು!

"ಹೆಂಗಸು ಅಂಪೈರಾ?" ಎಂದು ಯಾರೋ ಕೂಗಿದರು.

"ನಿಯಮ ಗೊತ್ತಿರೋರು ಅಂಪೈರು," ಎಂದು ಹೇಳಿ ವೆಂಕಟಾಚಲ ಕಡಲೆಕಾಯಿ ತಿನ್ನುತ್ತ ದೂರ ಹೋಗಿ ಕೂತರು.

ಮೊದಲ ಆಟ ಸರಾಗ ನಡೆಯಿತು. ಎರಡನೆಯದರಲ್ಲಿ ಇಪ್ಪತ್ತು-ಇಪ್ಪತ್ತು ಇದ್ದಾಗ ರೋಲಿಂಗ್ ಮಿಲ್ಲಿನ ಲಿಂಗಪ್ಪ ಹೊಡೆದ ಚೆಂಡು ಹಿಂದಿನ ಗೆರೆಯ ಹತ್ತಿರ ಬಿತ್ತು. ಉಮಾ, "ಔಟ್!" ಎಂದಳು. ಲಿಂಗಪ್ಪ ಆರಡಿಯ ಆಳು, ಕರೆಯದಿದ್ದರೂ ಜಗಳಕ್ಕೆ ಬರುವವನು. ರಾಕೆಟ್ ನೆಲಕ್ಕೆ ಎಸೆದು ಸ್ಟೂಲಿನ ಬುಡಕ್ಕೇ ಬಂದ.

"ಏನಮ್ಮಾ, ಕಣ್ಣು ಕಾಣಲ್ವಾ? ಗೆರೆ ಮೇಲೆ ಬಿದ್ದಿದೆ! ಬಂದು ನೋಡು ಬೇಕಾದ್ರೆ!"

ಮಿಲ್ಲಿನವರೆಲ್ಲ ಹೋ ಎಂದರು. ಇವಳು ಇನ್ನು ಓಡುತ್ತಾಳೆ, ಸೀದಾ ಸ್ಟೇಷನ್ನಿಗೇ ಓಡುತ್ತಾಳೆ ಅಂದುಕೊಂಡೆ. ಶಂಕರಮ್ಮ ವೆಂಕಟಾಚಲರ ಕಡೆ ನೋಡಿದರು. ಅವರು ಕಡಲೆಕಾಯಿ ಸುಲಿಯುತ್ತಿದ್ದರು.

ಉಮಾ ಇಳಿದಳು. ಹಿಂದಿನ ಗೆರೆಯವರೆಗೆ ನಡೆದು ಹೋಗಿ ಬಗ್ಗಿ ನೋಡಿದಳು. ಸುಣ್ಣದ ಗೆರೆಯಲ್ಲಿ ಚೆಂಡಿನ ಗುರುತು ಸ್ಪಷ್ಟವಾಗಿತ್ತು. ಅವಳ ಕಿವಿಗಳು ಕೆಂಪಾದದ್ದು ನಾನು ಕೂತಲ್ಲಿಗೂ ಕಂಡಿತು. ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದಳು:

"ತಪ್ಪು ನಂದು. ಚೆಂಡು ಗೆರೆ ಮೇಲೆ ಬಿದ್ದಿದೆ. ಪಾಯಿಂಟು ಮಿಲ್ಲಿನವರದ್ದು."

ಈಗ ಫೌಂಡ್ರಿಯವರು ಗಲಾಟೆ ಎಬ್ಬಿಸಿದರು. "ಒಂದ್ಸಲ ಹೇಳಿದ್ಮೇಲೆ ಮುಗೀತು! ಹೆದರಿಸಿದ್ರೆ ಬದಲಾಯಿಸ್ತೀರಾ?"

"ಅವರು ಹೆದರಿಸಿದ್ರು ಅಂತ ಅಲ್ಲ, ಗುರುತು ಇದೆ ಅಂತ. ಬಂದು ನೋಡ್ಕೊಳ್ಳಿ," ಎಂದು ಅವಳು ಮತ್ತೆ ಸ್ಟೂಲು ಹತ್ತಿದಳು. ಆಮೇಲೆ ಲಿಂಗಪ್ಪನ ಕಡೆ ತಿರುಗಿ, "ನೀವು ರಾಕೆಟ್ ಎಸೆದಿರಿ. ಇನ್ನೊಂದ್ಸಲ ಎಸೆದ್ರೆ ಹೊರಗೆ ಕಳಿಸ್ತೀನಿ. ಇಪ್ಪತ್ತೊಂದು-ಇಪ್ಪತ್ತು. ಸರ್ವಿಸ್!"

ಲಿಂಗಪ್ಪ ರಾಕೆಟ್ಟನ್ನು ಎತ್ತಿಕೊಂಡು, ಹಿಡಿಕೆಯ ಧೂಳು ಒರೆಸಿ, ತನ್ನ ಜಾಗಕ್ಕೆ ಹೋದ. ಪಂದ್ಯ ಮುಗಿದ ಮೇಲೆ ಅವನೇ ಬಂದು, "ತಂಗೀ, ನಮ್ಮ ಫೋರ್‌ಮನ್ ಒಬ್ರನ್ನ ಬಿಟ್ರೆ ನನ್ನ ಬಾಯಿ ಮುಚ್ಚಿಸಿದ್ದು ನೀನೇ," ಎಂದು ನಕ್ಕ. ಆ ಸಂಜೆ ಉಮಾ ಕೂತಲ್ಲೇ ಆರು ಇಡ್ಲಿ ತಿಂದಳು.

ವೆಂಕಟಾಚಲ ಅವಳಿಗೆ ಹೇಳಿದ್ದು ಇಷ್ಟೇ: "ಇನ್ನೂರು ಜನರ ಮುಂದೆ ತಪ್ಪು ಮಾಡಿದೆ. ಏನಾಯ್ತಮ್ಮಾ?"

ಅವಳು ಯೋಚಿಸಿ, "ಏನೂ ಆಗ್ಲಿಲ್ಲ ಸಾರ್," ಎಂದಳು.

ಜನವರಿಯಲ್ಲಿ ಶಿವಮೊಗ್ಗದಲ್ಲಿ ಟೂರ್ನಮೆಂಟು. ಬೆಳಗಿನ ರೈಲಿಗೆ ಹೋದೆವು. ಎದುರಾಳಿಗಳು ಬೆಂಗಳೂರಿನಿಂದ ಬಂದಿದ್ದ ತಂಡ. ಬಿಳಿ ಬೂಟು, ಒಂದೇ ಬಣ್ಣದ ಬಟ್ಟೆ. ನಮ್ಮ ಐವರಲ್ಲಿ ಮೂವರು ಬರಿಗಾಲು. ಜನರ ಹಿಂದೆ ಗಂಗಾಧರಪ್ಪನವರು ಕೊಡೆ ಊರಿಕೊಂಡು ನಿಂತಿದ್ದರು. ಅಂಗಡಿ ಮುಚ್ಚಿ ಬಂದದ್ದನ್ನು ಯಾರೂ ನೋಡಬಾರದೆಂಬಂತೆ ನಿಂತಿದ್ದರು.

ಮೊದಲ ಆಟ ಒಂಬತ್ತು-ಇಪ್ಪತ್ತೊಂಬತ್ತರಿಂದ ಸೋತೆವು. ಉಮಾ ಒಬ್ಬಳೇ ಏಳು ಚೆಂಡು ಬಿಟ್ಟಳು. ಜನ ಸಿಳ್ಳೆ ಹಾಕಿದರು. ಬಿಡುವಿನಲ್ಲಿ ವೆಂಕಟಾಚಲ ಏನು ಹೇಳುತ್ತಾರೋ ಎಂದು ಕಾದರೆ, ಅವರು ಬಾಯಿ ತೆರೆಯುವ ಮೊದಲೇ ಉಮಾ, "ಶಂಕ್ರಕ್ಕಾ, ಅವರ ಕ್ಯಾಪ್ಟನ್ ಎಲ್ಲಾ ಚೆಂಡೂ ನನ್ನ ಎಡಕ್ಕೇ ಹಾಕ್ತಿದಾಳೆ. ನಾನು ಒಂದಡಿ ಸರೀತೀನಿ, ನೀನು ನಡುವೆ ನೋಡ್ಕೋ," ಎಂದಳು. ಶಂಕರಮ್ಮ ತಂಗಿಯನ್ನು ಹೊಸಬಳನ್ನು ನೋಡುವಂತೆ ನೋಡಿದರು. ಎರಡನೆಯ ಆಟ ನಾವು ಗೆದ್ದೆವು, ಇಪ್ಪತ್ತೊಂಬತ್ತು-ಇಪ್ಪತ್ತೇಳು. ಇಡೀ ಮೈದಾನ ನಮ್ಮ ಕಡೆ ವಾಲಿತು. ಮೂರನೆಯದನ್ನು ಇಪ್ಪತ್ನಾಲ್ಕರಲ್ಲಿ ಸೋತೆವು.

ನಾನು ಅತ್ತೆ, ಶಂಕರಮ್ಮ ಅತ್ತರು. ಉಮಾ ಬೆಂಗಳೂರಿನ ಕ್ಯಾಪ್ಟನ್ ಹತ್ತಿರ ನಿಂತು, ಎಡಗಡೆಯ ಹೊಡೆತಕ್ಕೆ ಮಣಿಕಟ್ಟು ಹೇಗೆ ತಿರುಗಿಸುತ್ತೀರಿ ಎಂದು ಕೇಳುತ್ತಿದ್ದಳು.

ಗಂಗಾಧರಪ್ಪನವರು ಹತ್ತಿರ ಬಂದು ಸಂಕೋಚದಿಂದ, "ಸೋತ್ರಲ್ಲಮ್ಮ?" ಎಂದರು. ಮಗಳು ಎಲ್ಲಿ ಕುಸಿದು ಬೀಳುತ್ತಾಳೋ ಎಂದು ಕೈ ಮುಂದೆ ಚಾಚಿದ್ದರು.

"ಹ್ಞೂಂ ಅಪ್ಪಾ, ಸೋತ್ವಿ. ಸಿಕ್ಕಾಪಟ್ಟೆ ಹಸಿವಾಗ್ತಿದೆ. ಅಮ್ಮ ಏನು ಮಾಡಿದಾಳೆ?"

ಅಪ್ಪನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಮ್ಮೆಲ್ಲರನ್ನೂ, ವೆಂಕಟಾಚಲರನ್ನೂ ಮನೆಗೆ ಕರೆದುಕೊಂಡು ಹೋದರು. ಅವಳ ತಾಯಿ ಮಹಾಂತಮ್ಮ ಬಿಸಿ ರೊಟ್ಟಿ, ಎಣ್ಣೆಗಾಯಿ ಬಡಿಸಿದರು. ಊಟದ ನಡುವೆ ಉಮಾ ತಾನೇ ಮಾತು ತೆಗೆದಳು. "ಅಪ್ಪಾ, ನಾಳೆ ಟ್ರೈನಿಂಗ್ ಸ್ಕೂಲಿಗೆ ಹೋಗಿ ಮತ್ತೆ ಸೇರಿಸ್ಕೊಳ್ತಾರಾ ಕೇಳ್ತೀನಿ. ನೀವು ಬರೋದು ಬೇಡ. ಇಲ್ಲ ಅಂದ್ರೆ ಇಲ್ಲ, ಮುಂದಿನ ವರ್ಷ ಕೇಳ್ತೀನಿ."

ಆ ವರ್ಷ ಇಲ್ಲವೆಂದೇ ಹೇಳಿದರು. ಮುಂದಿನ ವರ್ಷ ಸೇರಿಸಿಕೊಂಡರು. ಪರೀಕ್ಷೆಯ ಪಾಠದಲ್ಲಿ ಮತ್ತೆ ಅರ್ಧಕ್ಕೆ ಎಲ್ಲ ಮರೆತುಹೋಯಿತಂತೆ. ಉಮಾ ಮಕ್ಕಳಿಗೆ, "ಮುಂದಿನದು ನನಗೆ ಮರೆತುಹೋಯ್ತು. ಒಂದು ನಿಮಿಷ ತಾಳಿ, ಪುಸ್ತಕ ನೋಡ್ತೀನಿ," ಎಂದು ಪುಸ್ತಕ ತೆರೆದು ನೋಡಿ, ಪಾಠ ಮುಂದುವರಿಸಿದಳಂತೆ. ಹಿಂದೆ ಕೂತಿದ್ದ ಮೇಷ್ಟ್ರು ಅಂಕ ಕಡಿಮೆ ಮಾಡಿದರು, ಫೇಲು ಮಾಡಲಿಲ್ಲ. ಸೆಕೆಂಡ್ ಕ್ಲಾಸಿನಲ್ಲಿ ಪಾಸಾದಳು.

೧೯೬೧ರಲ್ಲಿ ಅವಳಿಗೆ ಹೊಳೆಹೊನ್ನೂರಿನ ಹುಡುಗಿಯರ ಶಾಲೆಗೆ ಆರ್ಡರ್ ಬಂತು. ಅಲ್ಲೇ ಭತ್ತದ ವ್ಯಾಪಾರಿ ಷಡಕ್ಷರಪ್ಪನವರನ್ನು ಮದುವೆಯಾದಳು. ಮದುವೆಗೆ ವೆಂಕಟಾಚಲ ಹೆಂಡತಿಯ ಜೊತೆ ಬಂದಿದ್ದರು. ಮೂರು ವರ್ಷದ ನಂತರ ನಿವೃತ್ತರಾಗಿ ಸೇಲಂಗೆ ಹೋದರು. ಹೋಗುವಾಗ ಕ್ಲಬ್ಬಿನವರು ಹಾರ ಹಾಕಿದರೆ, ಉಮಾ ಬಸ್ಸಿನಲ್ಲಿ ಒಂದು ಚೀಲ ಸಣ್ಣಕ್ಕಿ ತಂದು ಅವರ ಟ್ರಂಕಿನ ಪಕ್ಕ ಇಟ್ಟಳು. ಅವರು, "ಇಷ್ಟು ಭಾರ ಯಾರಮ್ಮಾ ಹೊರೋದು?" ಎಂದು ಗೊಣಗಿದರು. ಹೊತ್ತವನು ಲಿಂಗಪ್ಪ.

ಹೊಳೆಹೊನ್ನೂರಿನಲ್ಲಿ ಉಮಾ ಶಾಲೆಯ ಹಿಂದಿನ ಕಣವನ್ನು ಕೇಳಿ ಪಡೆದು, ಸಂಜೆ ಹುಡುಗಿಯರಿಗೆ ಆಟ ಕಲಿಸತೊಡಗಿದಳು. ಮೊದಲೆರಡು ವರ್ಷ ತಾಲ್ಲೂಕು ಕ್ರೀಡಾಕೂಟದಲ್ಲಿ ಅವರು ಮೊದಲ ಸುತ್ತಿನಲ್ಲೇ ಮನೆಗೆ ಬಂದರು. ೧೯೬೬ರಲ್ಲಿ ಗೆದ್ದರು. ಹೊಳೆಹೊನ್ನೂರಿನ ಆ ಶಾಲೆಗೆ ಬಂದ ಮೊದಲ ಕಪ್ಪು ಅದು, ಮೊಳದೆತ್ತರ, ಎರಡು ಕಿವಿ. ಇಡಲು ಬೀರು ಇರಲಿಲ್ಲ. ನಾನು ನೋಡಲು ಹೋದಾಗ ಅದು ಹೆಡ್‌ಮಿಸ್ಟ್ರೆಸ್ಸರ ಮೇಜಿನ ಮೇಲಿತ್ತು, ಒಳಗೆ ತುಂಬ ಸೀಮೆಸುಣ್ಣ. ಪಕ್ಕದಲ್ಲಿ ನಾಲ್ಕನೇ ಕ್ಲಾಸಿನ ಮಕ್ಕಳು ಸಾಲಾಗಿ ನಿಂತು, ಕಪ್ಪಿನಲ್ಲಿ ತಮ್ಮ ಡೊಂಕು ಮುಖ ನೋಡಿಕೊಂಡು ಬಿದ್ದುಬಿದ್ದು ನಗುತ್ತಿದ್ದರು.