ಭುಜ ನೋಡುವವರು

ನೆದರ್ಲೆಂಡ್ಸಿನ ಯುಟ್ರೆಕ್ಟ್‌ನಲ್ಲಿ ನಮ್ಮ ಮೇಲಿನ ಮನೆಯಲ್ಲಿ ಧಾರವಾಡದ ಕಡೆಯವರೊಬ್ಬರಿದ್ದರು. ಕತ್ತಿ ಹಿಡಿದು ರಾಕ್ಷಸರೊಂದಿಗೆ ಕಾದಾಡುವ ಕಷ್ಟದ ವಿಡಿಯೊ ಗೇಮೊಂದನ್ನು ನನಗೆ ಕಲಿಸಿದವರು ಅವರೇ. ಶನಿವಾರ ಮಧ್ಯಾಹ್ನ ಬಂದು ಸೋಫಾದ ತುದಿಯಲ್ಲಿ ಕೂತರೆ, ಚಹಾ ಆರಿಹೋದರೂ ಪರದೆಯಿಂದ ಕಣ್ಣು ಕೀಳುತ್ತಿರಲಿಲ್ಲ. ನಾನು ಸಿಕ್ಕ ಸಿಕ್ಕ ಬಟನ್ ಒತ್ತಿ ಸಾಯುತ್ತಿದ್ದೆ. ಮತ್ತೆ ಶುರು ಮಾಡಲು ಹೋದರೆ ಕಂಟ್ರೋಲರನ್ನು ಮೆಲ್ಲಗೆ ಕಸಿದುಕೊಂಡು, “ಎಲ್ಲಿ ಸತ್ತಿ? ಮೊದಲ ಅದನ್ನ ಹೇಳು,” ಎನ್ನುತ್ತಿದ್ದರು. ನನಗೆ ಗೊತ್ತಿರುತ್ತಿರಲಿಲ್ಲ.

“ಹಂಗಾರ ಹೊಡೀಬ್ಯಾಡ. ಸುಮ್ನ ಆ ರಾಕ್ಷಸನ ಭುಜ ನೋಡು. ಹೊಡಿಯೂ ಮುಂಚೆ ಭುಜ ಮ್ಯಾಲ ಏಳ್ತೈತಿ.”

ಒಂದು ದಿನ ಅವರು ಇಲ್ಲಿಯ ಡ್ರೈವಿಂಗ್ ಪರೀಕ್ಷೆಗೆ ಹೋದರು. ಊರಲ್ಲಿ ವರ್ಷಗಟ್ಟಲೆ ಕಾರು ಓಡಿಸಿದವರು, ಪಾಸಾಗುವುದು ಖಾತ್ರಿ ಎಂದುಕೊಂಡು ನಾನು ಕೇಸರಿಬಾತ್ ಮಾಡಿಟ್ಟಿದ್ದೆ. ಬಾಗಿಲಲ್ಲಿ ಅವರ ಮುಖ ಕಂಡಾಗಲೇ ಗೊತ್ತಾಯಿತು. ನನ್ನ ಬಾಯಿಂದಲೂ ಅವರ ಪ್ರಶ್ನೆಯೇ ಬಂತು.

“ಎಲ್ಲಿ ಸತ್ರಿ, ಸರ್?”

ಅವರು ಒಳಗೆ ಬಂದು ಕೂತು ಕೇಸರಿಬಾತಿನ ತಟ್ಟೆ ಎಳೆದುಕೊಂಡರು.

“ಬಲಕ್ಕ ಹೊಳ್ಳುವಾಗ ಭುಜದ ಮ್ಯಾಲಿಂದ ಹಿಂದ ನೋಡಲಿಲ್ಲ. ಬಲಗಡೆ ಸೈಕಲ್ ದಾರ್ಯಾಗ ಒಬ್ಬಾಕಿ ಬಂದಬಿಟ್ಲು. ಬಾಜೂಕ ಕುಂತಿದ್ದ ಪರೀಕ್ಷಕ ತಾನ ಬ್ರೇಕ್ ಒತ್ತಿದ.” ಒಂದು ತುತ್ತು ತಿಂದು, “ದಿನಾ ಸೈಕಲ್ ಹೊಡಿಯಾಂವ ನಾ,” ಎಂದರು.

ಮುಂದಿನ ಸೋಮವಾರ ಬೆಳಿಗ್ಗೆ ಸ್ಟೇಷನ್ನಿನ ದಾರಿಯಲ್ಲಿ ಅವರನ್ನು ಕಂಡೆ. ಸೈಕಲ್ಲುಗಳಿಗೆ ಹಸಿರು ದೀಪ ಬಿದ್ದಿತ್ತು. ಎಲ್ಲರೂ ಹೊರಟರೂ ಅವರು ಮಾತ್ರ ಒಂದು ಕಾಲು ನೆಲಕ್ಕೂರಿ ನಿಂತೇ ಇದ್ದರು, ಬಲಕ್ಕೆ ತಿರುಗುವ ಒಂದೊಂದು ಕಾರಿನೊಳಗೂ ಓಡಿಸುವವರ ಭುಜವನ್ನು ನೋಡುತ್ತ.