ಬಾರುಕೋಲು ಬಿಡದ ಕೈ

ಕೊತ್ತತ್ತಿಯ ನಮ್ಮ ಅಂಕಮ್ಮತ್ತೆ ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಹೆಂಗಸು. ಗಂಡ ಸತ್ತ ಮೇಲೆ ಹೆಣ್ಣುಮಕ್ಕಳನ್ನು ಸಾಕಿದ್ದೂ ಆ ಹಟದಿಂದಲೇ. ಆದರೆ ಬಲಗೈಯಲ್ಲಿ ಏನನ್ನೂ ಬಿಗಿಯಾಗಿ ಹಿಡಿಯುತ್ತಿರಲಿಲ್ಲ. ಮುದ್ದೆ ಮುರಿಯುವುದೂ ಎಡಗೈಯಲ್ಲೇ. ಊರವರು ಆಡಿಕೊಂಡರೆ ಆಡಿಕೊಳ್ಳಲಿ ಎನ್ನುತ್ತಿದ್ದಳು.

ಅವರ ಕೇರಿಗೆಲ್ಲ ಎತ್ತಿನ ಗಾಣ ಒಂದೇ, ಬಾರುಕೋಲೂ ಒಂದೇ. ಕೋಲು ಯಾರ ಕೈಲಿದೆಯೋ ಕಬ್ಬು ಅರೆಯುವ ಸರದಿ ಅವರದು. ಮುಗಿದ ಮೇಲೆ ಮುಂದಿನವರಿಗೆ ಕೈಯಿಂದ ಕೈಗೇ ಕೊಡಬೇಕು. ಹಿಂದೆ ಯಾರೋ ಜಾಣ ಎರಡನೆಯ ಕೋಲು ಮಾಡಿಸಿದ್ದನಂತೆ. ಒಂದೇ ಬೆಳಿಗ್ಗೆ ಇಬ್ಬರು ಎತ್ತು ಹೂಡಲು ಬಂದು, ಎಳೆದಾಟದಲ್ಲಿ ಒಬ್ಬನ ಕೈ ಗಾಣಕ್ಕೆ ಸಿಕ್ಕಿತು. ಅಲ್ಲಿಂದೀಚೆಗೆ ಆ ಮಾತನ್ನೇ ಯಾರೂ ಎತ್ತಲಿಲ್ಲ.

ಎಪ್ಪತ್ತನಾಲ್ಕನೇ ಇಸವಿಯಲ್ಲಿ ಅದೇ ಕೇರಿಯ ಮರಿಸಿದ್ದಯ್ಯ ತನ್ನ ಸರದಿ ಶುರುವಾದ ಮಧ್ಯಾಹ್ನವೇ ಗಾಣದ ಪಕ್ಕ ಕುಸಿದು ಸತ್ತ. ಕೋಲು ಮುಷ್ಟಿಯಲ್ಲೇ ಉಳಿಯಿತು. ಎಷ್ಟು ಎಳೆದರೂ ಬರಲಿಲ್ಲ. ಮುಂದಿನ ಸರದಿ ಅತ್ತೆಯದು. ಅವಳ ಕಡಿದ ಕಬ್ಬು ಬಿಸಿಲಲ್ಲಿ ಒಣಗುತ್ತಿತ್ತು. ಅದು ಹೋದರೆ ವರ್ಷದ ಅನ್ನವೇ ಹೋದಂತೆ. ಅವಳು ಹೆಣದ ಕಿವಿಯ ಹತ್ತಿರ ಬಗ್ಗಿದಳು.

“ಮೊದ್ಲು ನಿನ್ ಕಬ್ಬು ಅರೀತೀನಿ ಕಣಣ್ಣ, ಆಮ್ಯಾಕೆ ನಂದು. ಈಗ ಬುಡು.”

ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಅತ್ತೆ ಬಲಗೈಯಲ್ಲಿ ಕೋಲು ತೆಗೆದುಕೊಂಡಳು. ಅವನ ಹೆಂಡತಿ ಮಲ್ಲಿಗಮ್ಮನ ಅಳು ಅರ್ಧಕ್ಕೇ ನಿಂತಿತು.

ಮಣ್ಣು ಮಾಡಿದ ಮರುದಿನ ಅತ್ತೆ ತನ್ನ ಕಬ್ಬನ್ನೇ ಮೊದಲು ಅರೆದಳು. ಸತ್ತವನಿಗೆ ಏನವಸರ? ಸುಳ್ಳೇಕೆ, ನಾನಾದರೂ ಅದನ್ನೇ ಮಾಡುತ್ತಿದ್ದೆ. ಬೆಲ್ಲದ ಅಚ್ಚು ಗಟ್ಟಿಯಾಗಿ ಬಂತು. ಎತ್ತುಗಳು ಮಾತ್ರ ಪ್ರತಿ ಸುತ್ತಿನಲ್ಲೂ ಮರಿಸಿದ್ದಯ್ಯ ಬಿದ್ದ ಜಾಗದಲ್ಲಿ ನಿಂತು, ಯಾರಿಗೋ ದಾರಿ ಬಿಟ್ಟು ಮುಂದೆ ನಡೆಯುತ್ತಿದ್ದವು.

ಅವಳ ಕಬ್ಬು ಮುಗಿಯುತ್ತಲೇ ಮುಂದಿನ ಸರದಿಯ ಪುಟ್ಟರಾಜು ಕೈಯೊಡ್ಡಿದ. ಅತ್ತೆ ಕೋಲು ಚಾಚಿದಳು. ಮುಷ್ಟಿ ಬಿಚ್ಚಲಿಲ್ಲ.

“ಬುಡಕ್ಕ, ತಮಾಸೆ ಮಾಡಬ್ಯಾಡ.”

“ನಾನೆಲ್ಲಿ ಇಡ್ಕಂಡಿದ್ದೀನ್ಲಾ? ಇಡ್ಕಂಡಿರೋನು ಅವನು ಕಣ್ಲಾ!”

ಪುಟ್ಟರಾಜು ಹಿಂದೆ ಸರಿದ. ಅತ್ತೆ ಮರಿಸಿದ್ದಯ್ಯನ ಕಬ್ಬಿನ ರಾಶಿಯತ್ತ ತಿರುಗಿದಳು. ಮಲ್ಲಿಗಮ್ಮ ಜಲ್ಲೆ ಕೊಡುತ್ತಾ ಹೋದಳು. ರಸ ಬರಲಿಲ್ಲ, ಒಣ ಸಿಪ್ಪೆ ಪುಡಿಯಾಗಿ ಉದುರಿತು. ಅತ್ತೆ ಅಳುತ್ತಲೇ ಎತ್ತು ಹೊಡೆದಳು. ಕೊನೆಯ ಜಲ್ಲೆ ಹೋದಾಗ ಕೈ ಬಿಚ್ಚಿತು.

ಊರಿಗೆ ಹೆದರಿಯಲ್ಲ, ಆ ಕೈಗೆ ಹೆದರಿ, ತನ್ನ ಬೆಲ್ಲದಲ್ಲಿ ಅರ್ಧವನ್ನು ಮಲ್ಲಿಗಮ್ಮನ ಮನೆಗೆ ಹೊರಿಸಿದಳು. ಇನ್ನರ್ಧ ಕೊಡಲು ಮನಸ್ಸು ಬರಲಿಲ್ಲ, ಮಕ್ಕಳಿದ್ದವಲ್ಲ. ಬಲಗೈಯಲ್ಲಿ ಬಿಗಿಯಾಗಿ ಹಿಡಿಯುವುದನ್ನು ಬಿಟ್ಟದ್ದು ಅಲ್ಲಿಂದೀಚೆಗೇ.

ಎಷ್ಟೋ ವರ್ಷಗಳ ಮೇಲೆ, ಸಾಯುವ ಹೊತ್ತಿಗೆ ಅತ್ತೆಗೆ ಕಣ್ಣು ಕಾಣುತ್ತಿರಲಿಲ್ಲ. ಬಲಗೈಯನ್ನು ಮಗಳ ಮಡಿಲಲ್ಲಿಟ್ಟಳು.

“ಬಿಚ್ಚೈತಾ ನೋಡವ್ವ.”

“ಬಿಚ್ಚೈತೆ ಕಣವ್ವ,” ಎಂದಳು ಮಗಳು.

ನಾನು ಪಕ್ಕದಲ್ಲೇ ಇದ್ದೆ. ಮುಷ್ಟಿ ಬಿಚ್ಚಿರಲಿಲ್ಲ.