ಕೋಪವಿಲ್ಲದ ಕೊದಿಪ್ಪು

ಕೊಯಮತ್ತೂರಿನ ಹತ್ತಿರದ ಕಾರಮಡೈಯ ಕನ್ನಡ ನೇಕಾರರ ಬೀದಿಯಲ್ಲಿ ಸೆಲ್ಲಮ್ಮನ ಬಾಯಿಯದು ಅವಳ ಮಗ್ಗಕ್ಕಿಂತ ದೊಡ್ಡ ಸದ್ದು. ಗಂಡ ತೀರಿಕೊಂಡ ಮೇಲೆ ಆ ಬಾಯಿಯ ಬಲದಿಂದಲೇ ಮಗನನ್ನು ಬೆಳೆಸಿ, ಚೌಡೇಶ್ವರಿಗೆ ದಿನವೂ ದೀಪ ಹಚ್ಚಿಕೊಂಡು ಬಂದವಳು. ಸೊಸೆ ಇಂದುಜಾಳೋ, ಬೆಕ್ಕು ಹಾಲು ಕುಡಿದರೂ ಗದರದವಳು. ಆ ಸಾಧು ಜೀವದೊಳಗೆ ಭಗವಂತ ಇನ್ನೊಂದು ಜೀವವನ್ನಿರಿಸಿ ಎಂಟನೆಯ ತಿಂಗಳು ನಡೆಯುತ್ತಿತ್ತು.

ಹಿಂದಿನ ವಾರದ ತಪಾಸಣೆಯಲ್ಲಿ ನರ್ಸ್ ರುಕ್ಮಣಿ, "ಇರತ್ತ ಕೊದಿಪ್ಪು ಐತೆ, ದೊಡ್ಡಾಸ್ಪತ್ರೆಗೆ ಹೋಗಿ" ಎಂದಿದ್ದಳು. ಏರಿದ ರಕ್ತದೊತ್ತಡಕ್ಕೆ ತಮಿಳರು ಹೇಳುವ ಈ ಹೆಸರಿನ ಅರ್ಥ ರಕ್ತದ ಕುದಿತ. ಸೆಲ್ಲಮ್ಮ ನಕ್ಕುಬಿಟ್ಟಳು. ಕುದಿಯುವುದು ಕೋಪಿಷ್ಠರ ರಕ್ತ ತಾನೇ? ತಪಾಸಣೆಗೆ ಮೆಟ್ಟಿಲು ಹತ್ತಿ ಹೋದದ್ದಕ್ಕೆ ಏರಿರಬೇಕೆಂದು ಉಪ್ಪು ಹಾಕಿದ ಮಜ್ಜಿಗೆ ಕುಡಿಸಿ ಸೊಸೆಯನ್ನು ತಂಪು ಮಾಡಿದಳು.

ಅವರು ಆಸ್ಪತ್ರೆಗೆ ಹೋಗಲಿಲ್ಲವೆಂದು ತಿಳಿದು ಅದೇ ಬೀದಿಯ ಮಗಳಾದ ರುಕ್ಮಣಿ ಬಾಗಿಲಿಗೇ ಬಂದಳು. ಇಂದುಜಾ ತಲೆನೋವಿನಿಂದ ಹಣೆ ಹಿಡಿದು ಕುಳಿತಿದ್ದಳು. ಕಣ್ಣ ಮುಂದೆ ಮಿಣುಕುಹುಳು ಹಾರುತ್ತಿವೆ ಎಂದಳು.

"ಇವಳಿಗೆ ಕೊದಿಪ್ಪಾ? ನನಗೈತೆ ಅಂದ್ರೆ ಊರೇ ನಂಬ್ತದೆ ಅಮ್ಮಣಿ! ನಿನ್ನ ಮಿಷಿನ್ಗೇ ಕೊದಿಪ್ಪು," ಎಂದಳು ಸೆಲ್ಲಮ್ಮ.

"ಸರಿ ಅತ್ತೆ, ಮಿಷಿನ್ ತಪ್ಪೋ ಅಲ್ವೋ, ಇನ್ನೊಂದ್ಸಲ ಸರಿಯಾಗಿ ನೋಡಣ," ಎಂದಳು ರುಕ್ಮಣಿ; ಬೀದಿಯ ಸಲಿಗೆಯಲ್ಲಿ ಸೆಲ್ಲಮ್ಮ ಅವಳಿಗೂ ಅತ್ತೆಯೇ.

ರುಕ್ಮಣಿ ಇಂದುಜಾಳನ್ನು ಬೆನ್ನಾಸರೆಯ ಕುರ್ಚಿಯಲ್ಲಿ, ಪಾದಗಳು ನೆಲಕ್ಕೆ ತಾಗುವಂತೆ ಕೂರಿಸಿದಳು. ರವಿಕೆಯ ತೋಳು ಬಿಡಿಸಿ, ಬರಿಯ ರೆಟ್ಟೆಗೆ ಅಳತೆಗೊಪ್ಪುವ ಪಟ್ಟಿ ಸುತ್ತಿ, ಕೈ ಎದೆಯ ಮಟ್ಟಕ್ಕೆ ಬರುವಂತೆ ದಿಂಬಿಟ್ಟಳು. ಐದು ನಿಮಿಷ ವಿಶ್ರಾಂತಿ ಎಂದಳು. ಸೆಲ್ಲಮ್ಮನ ಮಾತು ಮಾತ್ರ ನಿಲ್ಲಲಿಲ್ಲ.

"ಅತ್ತೆ, ನಿನ್ನ ಮಾತಿಗೂ ಏರ್ತದೆ. ಮಗ್ಗದ ಕಾಲ್ಮಣೆ ತುಳೀತಾನೇ ಹಾಸು ನೂಲಿನ ಬಿಗಿ ನೋಡ್ತೀಯಾ ನೀನು? ಕೊಂಚ ಸುಮ್ಕಿರು."

ಸೆಲ್ಲಮ್ಮ ಬಾಯಿ ಮುಚ್ಚಿದಳು. ಇಳಿಯಲಿ ತಾಯೇ, ಇಳಿಯಲಿ ಎಂದು ಮನಸ್ಸಿನಲ್ಲೇ ಬೇಡಿದಳು. ಯಂತ್ರ ನೂರ ಅರವತ್ತೆರಡು, ನೂರ ಹತ್ತು ಎಂದಿತು. ಕೊಂಚ ಕಾದು ಮತ್ತೆ ನೋಡಿದರೂ ಹೆಚ್ಚು ಬದಲಾಗಲಿಲ್ಲ. ದೂರಲು ಈಗ ಮೆಟ್ಟಿಲಿರಲಿಲ್ಲ, ಮಾತಿರಲಿಲ್ಲ.

"ಕೋಪ ಇಲ್ದೇನೂ ರಕ್ತ ಕುದೀತದಾ ಅಮ್ಮಣಿ?" ಎಂದಳು ಸೆಲ್ಲಮ್ಮ.

"ಕುದಿಯೋದಲ್ಲ ಅತ್ತೆ, ಬಿಗಿ. ಹಾಸು ಅತಿ ಬಿಗಿಯಾದ್ರೆ?"

"ಹರೀತದೆ," ಎಂದ ಸೆಲ್ಲಮ್ಮನ ಮುಖ ಬಿಳಿಚಿತು.

ರುಕ್ಮಣಿ ಆಂಬುಲೆನ್ಸ್ ಕರೆದಳು. ಬೀದಿಯುದ್ದಕ್ಕೂ ಗಂಜಿ ಹಚ್ಚಿದ ಹಾಸು ನೂಲನ್ನು ಒಣಗಲು ಚಾಚಿದ್ದರು, ಗಾಡಿ ಒಳಬರುವಂತಿರಲಿಲ್ಲ. ಸೆಲ್ಲಮ್ಮ ಹೊರಗೋಡಿ, "ಹಾಸು ಎತ್ರೋ! ನನ್ ಮಗು ಹೋಗ್ಬೇಕು!" ಎಂದು ಕೂಗಿದಳು. ಕೊನೆಯ ಮನೆಯವರೂ ಎದ್ದು ಬಂದು ಎತ್ತಿದರು.

ಕೊಯಮತ್ತೂರಿನ ದೊಡ್ಡಾಸ್ಪತ್ರೆಯಲ್ಲಿ ಒತ್ತಡ ಇಳಿಸಲು ಔಷಧಿ, ಫಿಟ್ಸ್ ಬಾರದಂತೆ ಚುಚ್ಚುಮದ್ದು ಕೊಟ್ಟರು; ಬಳಿಕ ಆಪರೇಷನ್ ಮಾಡಿ ಮಗುವನ್ನು ತೆಗೆದರು. ಅಂಗೈಯಗಲದ ಹೆಣ್ಣುಕೂಸು ಗಾಜಿನ ಪೆಟ್ಟಿಗೆಯಲ್ಲಿದ್ದು ಬಲಿಯಿತು. ದೇವರ ದಯೆ ದೊಡ್ಡದು, ತಾಯಿಯೂ ಉಳಿದಳು.

ಹೆರಿಗೆಯ ನಂತರವೂ ಒತ್ತಡ ಏರಬಹುದೆಂದು ರುಕ್ಮಣಿ ಮನೆಗೆ ಬರುತ್ತಲೇ ಇದ್ದಾಳೆ. ಅವಳು ಚೀಲದಿಂದ ಪಟ್ಟಿ ಹೊರತೆಗೆದರೆ ಸಾಕು, ಸೆಲ್ಲಮ್ಮನ ಮಗ್ಗ ನಿಲ್ಲುತ್ತದೆ. ಮೊನ್ನೆ ತೊಟ್ಟಿಲಲ್ಲಿ ಮೊಮ್ಮಗಳು ಅತ್ತಾಗ ಸೆಲ್ಲಮ್ಮ ತುಟಿಗೆ ಬೆರಳಿಟ್ಟು ಪಿಸುಗುಟ್ಟಿದಳು:

"ಶ್, ನನ್ ಬಾಯೇ ನಿಂಗೂ ಬಂತಾ? ಅಮ್ಮನ ಬಿಗಿ ನೋಡ್ತಾವ್ರೆ, ಸುಮ್ಕಿರು."